ವೈಣಿಕ ಶಿಖಾಮಣಿ ವೀಣೆ ಶೇಷಣ್ಣ

ನಮ್ಮ ಊರಿನ ಹೆಸರಿನಲ್ಲಿಯೇ ಮೈಸೂರು ಇದೆ. ಅರಮನೆಯ ಮೈಸೂರಿಗೂ ನಮ್ಮ ಹಳ್ಳಿಮೈಸೂರಿಗೂ ಇರುವುದು ಹೆಸರಿನ ನಂಟು ಮಾತ್ರವಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಎಷ್ಟೋ ಮನೆತನಗಳು ಓದಿಗೆ, ಉದ್ಯೋಗಕ್ಕೆ, ದಸರೆಗೆ, ಸಂಗೀತಕ್ಕೆ ಮೈಸೂರಿನ ಕಡೆಗೇ ಮುಖ ಮಾಡಿ ಬದುಕಿದವು. ಕಾವೇರಿ ದಂಡೆಯ ರುದ್ರಪಟ್ಟಣದಲ್ಲಿ ಸಂಗೀತ ಮನೆಮಾತಾಗಿ ಬೆಳೆದದ್ದೂ ಈ ಪರಿಸರದಲ್ಲಿಯೇ. ಆದ್ದರಿಂದ ಮೈಸೂರು ಆಸ್ಥಾನದ ಒಬ್ಬ ಮಹಾನ್ ವಿದ್ವಾಂಸರ ಬಾಳನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ. ಅವರೇ ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರು.

ಶೇಷಣ್ಣನವರ ಹೆಸರು ಕೇಳದ ಕನ್ನಡಿಗರು ಕಡಿಮೆ. ಅವರಿಗೆ ಸಂದ ಬಿರುದು, ಹಾರ, ಶಾಲುಗಳ ಕಥೆಗಳೂ ಬೇಕಾದಷ್ಟಿವೆ. ಆದರೆ ಆ ಕಥೆಗಳ ನಡುವೆ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಒಂದೇ ಆಸ್ಥಾನ, ಒಂದೇ ವಾದ್ಯ, ಎದುರಿಗೆ ತಮಗೆ ಸರಿಸಮನಾದ ಇನ್ನೊಬ್ಬ ವಿದ್ವಾಂಸ. ಇಂಥ ಕಡೆ ವಿದ್ಯೆ ಬೆಳೆಯಲೂಬಹುದು, ಅಸೂಯೆಯಲ್ಲಿ ಬೆಂದು ಹೋಗಲೂಬಹುದು. ಶೇಷಣ್ಣನವರ ಕಾಲದ ಮೈಸೂರಿನಲ್ಲಿ ವಿದ್ಯೆ ಬೆಳೆಯಿತು. ಅದು ಹೇಗೆ ಸಾಧ್ಯವಾಯಿತು ಎಂಬುದೇ ಈ ಲೇಖನದ ವಿಷಯ.

ಹುಟ್ಟು, ಬಾಲ್ಯ

ಶೇಷಣ್ಣನವರು 1852ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಬಕ್ಷಿ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೈಣಿಕರು. ಭೈರವಿ ರಾಗದ ಪ್ರಸಿದ್ಧ ವರ್ಣವನ್ನು ರಚಿಸಿದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ವಂಶ ಇವರದೆಂದು ಹೇಳುತ್ತಾರೆ. ಹೀಗೆ ಹುಟ್ಟಿದ ಮನೆಯಲ್ಲಿಯೇ ವೀಣೆ ಇತ್ತು. ಮಗು ಕಣ್ಣು ಬಿಟ್ಟಾಗಿನಿಂದ ಕೇಳಿದ್ದು ತಂತಿಯ ನಾದವನ್ನೇ.

ಬಾಲಕ ಶೇಷಣ್ಣನ ಪ್ರತಿಭೆ ಮೊದಲು ಬೆಳಕಿಗೆ ಬಂದ ಪ್ರಸಂಗ ಮೈಸೂರಿನಲ್ಲಿ ಮನೆಮಾತಾಗಿದೆ. ಅದೊಂದು ಶಿವರಾತ್ರಿ. ಅರಮನೆಯಲ್ಲಿ ಜಾಗರಣೆಯ ಸಂಗೀತ ನಡೆದಿತ್ತು. ಪರಸ್ಥಳದಿಂದ ಬಂದಿದ್ದ ವಿದ್ವಾಂಸರೊಬ್ಬರು ಒಂದು ಕಠಿಣವಾದ ಪಲ್ಲವಿಯನ್ನು ಹಾಡಿ, ಇದನ್ನು ಮರಳಿ ಹಾಡಬಲ್ಲವರುಂಟೇ ಎಂದು ಸಭೆಗೆ ಸವಾಲು ಹಾಕಿದರು. ಪಲ್ಲವಿ ಎಂದರೆ ಕೇವಲ ಒಂದು ಸಾಲಿನ ಸಾಹಿತ್ಯ. ಆ ಒಂದು ಸಾಲು ತಾಳದ ಯಾವ ಜಾಗದಲ್ಲಿ ಹುಟ್ಟುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಅದರ ಬಿಗಿ ಇರುತ್ತದೆ. ಒಂದು ಎಣಿಕೆ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಆಸ್ಥಾನದ ವಿದ್ವಾಂಸರಿಗೂ ಅದು ಕೂಡಲೇ ಕೈಗೆ ಸಿಗಲಿಲ್ಲ. ಆಸ್ಥಾನದ ಮಾನ ಹೋಗುವ ಹೊತ್ತಿನಲ್ಲಿ ಹುಡುಗ ಶೇಷಣ್ಣ ಆ ಪಲ್ಲವಿಯನ್ನು ಕೇಳಿದ ಹಾಗೆಯೇ ಹಾಡಿ ತೋರಿಸಿದ. ಮುಮ್ಮಡಿಯವರು ಆನಂದದಿಂದ ಬಾಲಕನಿಗೆ ಮುತ್ತಿನ ಹಾರವನ್ನಿತ್ತು ಗೌರವಿಸಿದರು.

ಚಿಕ್ಕ ವಯಸ್ಸಿನಲ್ಲಿ ಇಂಥ ಮೆಚ್ಚುಗೆ ಬಂದರೆ ಹುಡುಗರು ಕೆಡುವುದೂ ಉಂಟು. ಶೇಷಣ್ಣನನ್ನು ಕೆಡದಂತೆ ಕಾಪಾಡಿದ್ದು ಕಷ್ಟ ಮತ್ತು ಅಭ್ಯಾಸ. ತಂದೆ ಬೇಗನೆ ತೀರಿಕೊಂಡರು. ಆಗ ತಮ್ಮನ ಸಾಧನೆಯ ಹೊಣೆಯನ್ನು ಹೊತ್ತವರು ಅಕ್ಕ ವೆಂಕಮ್ಮನವರು. ಅವರೂ ವೀಣೆ ಬಲ್ಲವರು. ಹೆಣ್ಣುಮಕ್ಕಳು ಸಭೆಯಲ್ಲಿ ಕುಳಿತು ನುಡಿಸದ ಆ ಕಾಲದಲ್ಲಿ ಮನೆಯೊಳಗೇ ಉಳಿದ ಅವರ ವಿದ್ಯೆ, ತಮ್ಮನ ಬೆರಳುಗಳ ಮೂಲಕ ಲೋಕಕ್ಕೆ ಬಂತು ಎಂದರೆ ತಪ್ಪಾಗಲಾರದು. ಮಕ್ಕಳ ಓದಿನ ಹಿಂದೆ ಮನೆಯ ಹೆಣ್ಣುಮಕ್ಕಳ ಎಷ್ಟು ಎಚ್ಚರ, ಎಷ್ಟು ತ್ಯಾಗ ಇರುತ್ತದೆ ಎಂಬುದು ನಮ್ಮ ಹಳ್ಳಿಗಳ ತಾಯಿ, ಅಕ್ಕಂದಿರನ್ನು ಕಂಡ ನಮಗೆ ಗೊತ್ತೇ ಇದೆ.

ಮುಂದಿನ ವೀಣಾ ಶಿಕ್ಷಣ ದೊಡ್ಡ ಶೇಷಣ್ಣನವರಲ್ಲಿ ಆಯಿತು. ಹಾಡುಗಾರಿಕೆಯನ್ನು ಮೈಸೂರು ಸದಾಶಿವರಾಯರಲ್ಲಿ ಕಲಿತರು. ಸದಾಶಿವರಾಯರು ವಾಲಾಜಾಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ಭಾಗವತರು ತ್ಯಾಗರಾಜರ ನೇರ ಶಿಷ್ಯರು. ಹೀಗೆ ಒಂದು ಕಡೆ ಮೈಸೂರಿನ ವೀಣೆಯ ಪರಂಪರೆ, ಇನ್ನೊಂದು ಕಡೆ ತ್ಯಾಗರಾಜರ ಗಾಯನ ಪರಂಪರೆ ಎರಡೂ ಶೇಷಣ್ಣನವರಲ್ಲಿ ಬಂದು ಕೂಡಿದವು. ವೀಣೆಯ ಜೊತೆಗೆ ಪಿಟೀಲು, ಸ್ವರಬತ್, ಜಲತರಂಗ, ಸಿತಾರ್, ಪಿಯಾನೋ ಮುಂತಾದ ವಾದ್ಯಗಳಲ್ಲಿಯೂ ಅವರಿಗೆ ಕೈಯಿತ್ತು. ಪರದೇಶದ ವಾದ್ಯವೆಂದು ದೂರ ಇಡುವ ಸ್ವಭಾವ ಅವರದಲ್ಲ. ಒಳ್ಳೆಯ ನಾದ ಎಲ್ಲಿಂದ ಬಂದರೂ ಅವರಿಗೆ ಬೇಕಾಗಿತ್ತು.

ಆಸ್ಥಾನದ ರೀತಿ

1868ರಲ್ಲಿ ಮುಮ್ಮಡಿಯವರು ತೀರಿಕೊಂಡರು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಮರಳಿಸಿದಾಗ ಚಾಮರಾಜೇಂದ್ರ ಒಡೆಯರು ಅಧಿಕಾರ ವಹಿಸಿಕೊಂಡರು. ಅವರು ಸ್ವತಃ ಪಿಟೀಲು ನುಡಿಸುತ್ತಿದ್ದ ರಸಿಕ ದೊರೆ. ಅವರ ಕಾಲದಲ್ಲಿ ಶೇಷಣ್ಣನವರ ಕಲೆ ಅರಳಿತು. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಹಾರಾಜರು ಅಕಾಲಿಕವಾಗಿ ತೀರಿಕೊಂಡಾಗ ರಾಜ್ಯದ ಜೊತೆಗೆ ಕಲಾವಿದರೂ ದಿಕ್ಕು ಕಾಣದಂತಾದರು. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಇಷ್ಟೆಲ್ಲ ಆದರೂ ಸಂಗೀತದ ಪರಂಪರೆ ಕಡಿಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ಪೂರ್ಣಾಧಿಕಾರ ವಹಿಸಿಕೊಂಡ ಮೇಲೆ ಮೈಸೂರು ದಕ್ಷಿಣೋತ್ತರ ಸಂಗೀತಗಳೆರಡಕ್ಕೂ ತವರಾಯಿತು. ಶೇಷಣ್ಣನವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದನ್ನಿತ್ತವರು ನಾಲ್ವಡಿಯವರೇ.

ಇಲ್ಲಿ ಆಸ್ಥಾನವೆಂದರೆ ಏನು ಎಂಬುದನ್ನು ಸ್ವಲ್ಪ ತಿಳಿಯಬೇಕು. ಇಂದಿನ ಕಲಾವಿದನಿಗೆ ಸಾವಿರಾರು ಕೇಳುಗರು, ನೂರಾರು ಸಭೆಗಳು, ಆಕಾಶವಾಣಿ, ದೂರದರ್ಶನ ಇವೆ. ಒಂದು ಕಡೆ ಬೇಡವೆಂದರೆ ಇನ್ನೊಂದು ಕಡೆ ಬೇಕೆನ್ನುತ್ತಾರೆ. ಆಸ್ಥಾನ ವಿದ್ವಾಂಸನಿಗೆ ಹಾಗಲ್ಲ. ಸಂಬಳ, ಸಂಭಾವನೆ, ದಸರೆಯ ಸಭೆಯಲ್ಲಿ ಆಸನ, ಬಿರುದು ಎಲ್ಲವೂ ಒಬ್ಬ ದೊರೆಯ ಮೆಚ್ಚುಗೆಯಿಂದಲೇ ಬರಬೇಕು. ಒಬ್ಬನಿಗೆ ಖಿಲ್ಲತ್ತು ಸಿಕ್ಕಿದರೆ ಇನ್ನೊಬ್ಬನಿಗೆ ಏಕೆ ಸಿಗಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಹೊರಗಿನಿಂದ ವಿದ್ವಾಂಸರು ಬಂದಾಗ ಸವಾಲು, ಮರುಸವಾಲು ನಡೆಯುತ್ತವೆ. ಇಂಥ ಜಾಗದಲ್ಲಿ ಪೈಪೋಟಿ ಹುಟ್ಟದಿದ್ದರೆ ಅದೇ ಆಶ್ಚರ್ಯ.

ಇದು ಮೈಸೂರಿನಲ್ಲಿ ಮಾತ್ರ ಇದ್ದ ವಿಷಯವಲ್ಲ. ರಾಜರಿದ್ದ ಕಡೆಯೆಲ್ಲ ಇತ್ತು. ಶೇಷಣ್ಣನವರು ಹುಟ್ಟುವುದಕ್ಕೆ ಸುಮಾರು 60 ವರ್ಷ ಮೊದಲು ಯೂರೋಪಿನ ವಿಯೆನ್ನಾ ನಗರದ ಚಕ್ರವರ್ತಿಯ ಆಸ್ಥಾನದಲ್ಲಿ ಮೊಜಾರ್ಟ್ ಮತ್ತು ಸಾಲಿಯೇರಿ ಎಂಬ ಇಬ್ಬರು ಸಂಗೀತಗಾರರಿದ್ದರು. ಸಾಲಿಯೇರಿ 1788ರಲ್ಲಿ ಆಸ್ಥಾನ ಸಂಗೀತದ ಮುಖ್ಯಸ್ಥನಾದ. ಮೊಜಾರ್ಟನಿಗೆ ಸಿಕ್ಕಿದ್ದು ಅದಕ್ಕಿಂತ ಚಿಕ್ಕ ಹುದ್ದೆ. ಅದೇ 1788ರ ಬೇಸಿಗೆಯಲ್ಲಿ, ಹಣದ ಅಡಚಣೆಯ ನಡುವೆಯೇ, ಮೊಜಾರ್ಟ್ ತನ್ನ ಕೊನೆಯ ಮೂರು ಸಿಂಫನಿಗಳನ್ನು ಕೆಲವೇ ವಾರಗಳ ಅಂತರದಲ್ಲಿ ಬರೆದು ಮುಗಿಸಿದ. ಸಿಂಫನಿ ಎಂದರೆ ಹತ್ತಾರು ವಾದ್ಯಗಳು ಒಟ್ಟಿಗೆ ಸೇರಿ ನುಡಿಸಲೆಂದು ಬರೆದ ದೊಡ್ಡ ರಚನೆ. ಆ ಮೂರೂ ಇಂದಿಗೂ ಲೋಕದೆಲ್ಲೆಡೆ ಮೊಳಗುತ್ತಿವೆ. 1791ರಲ್ಲಿ ಮೊಜಾರ್ಟ್ 35ನೆಯ ವಯಸ್ಸಿಗೇ ಸತ್ತ. ಸಾಲಿಯೇರಿಯೇ ಹೊಟ್ಟೆಕಿಚ್ಚಿನಿಂದ ವಿಷವಿಕ್ಕಿದನೆಂಬ ಗಾಳಿಮಾತು ಹಬ್ಬಿತು. ಅದರ ಮೇಲೆ ನಾಟಕ ಬಂತು, 1984ರಲ್ಲಿ ಸಿನಿಮಾ ಕೂಡ ಬಂತು. ಆದರೆ ವಿಷವಿಕ್ಕಿದ್ದಕ್ಕೆ ಯಾವ ಆಧಾರವೂ ಇಲ್ಲ. ಮೊಜಾರ್ಟನ ಕಿರಿಯ ಮಗನಿಗೆ ಮುಂದೆ ಸಂಗೀತ ಪಾಠ ಹೇಳಿದವರಲ್ಲಿ ಅದೇ ಸಾಲಿಯೇರಿಯೂ ಒಬ್ಬ. ಆಸ್ಥಾನದ ಜಗಳಗಳು ಕಥೆಗಳಲ್ಲಿ ಬೆಳೆಯುವಷ್ಟು ಬದುಕಿನಲ್ಲಿ ಬೆಳೆದಿರುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಶೇಷಣ್ಣ, ಸುಬ್ಬಣ್ಣ

ಮೈಸೂರಿಗೆ ಮರಳೋಣ. ಶೇಷಣ್ಣನವರಿಗೆ ಸರಿಸಮನಾಗಿ ನಿಂತವರು ವೀಣೆ ಸುಬ್ಬಣ್ಣನವರು. ವಯಸ್ಸಿನಲ್ಲಿ ಶೇಷಣ್ಣನವರಿಗಿಂತ ಕಿರಿಯರು. ದೊಡ್ಡ ಶೇಷಣ್ಣನವರ ಮನೆತನದ ಕುಡಿ. ಅನುಕೂಲಸ್ಥ ಮನೆ. ಚಾಮರಾಜೇಂದ್ರ ಒಡೆಯರೊಂದಿಗೆ ರಾಜಮನೆತನದ ಶಾಲೆಯಲ್ಲಿ ಓದಿದವರು. ವೀಣೆಯ ಜೊತೆ ಗಾಯನವೂ ಒಲಿದಿತ್ತು. ಕೈ ಬಿಚ್ಚಿ ಕೊಡುವ ಉದಾರಿ ಎಂದು ಹೆಸರಾದವರು. ಶೇಷಣ್ಣನವರದು ಇದಕ್ಕೆ ಬೇರೆಯಾದ ದಾರಿ. ತಂದೆಯಿಲ್ಲದ ಬಾಲ್ಯ, ಅಕ್ಕನ ಕಾವಲಿನ ಅಭ್ಯಾಸ, ವಾದ್ಯವೇ ಬಾಳಿನ ಆಸ್ತಿ.

ಒಂದೇ ಗುರುಮನೆಯಿಂದ ಬಂದ ಇಬ್ಬರು, ಒಂದೇ ವಾದ್ಯ, ಒಂದೇ ಸಿಂಹಾಸನದ ಮುಂದೆ. ಯಾರು ಮೇಲು ಎಂದು ಕೇಳುವವರು ಇರುವುದು ಸಹಜ. ಸುಬ್ಬಣ್ಣನವರಿಗೆ ದೊರೆಯ ಸಹಪಾಠಿಯೆಂಬ ಹೆಚ್ಚಳವಿತ್ತು. ಶೇಷಣ್ಣನವರಿಗೆ ಹಿರಿತನವೂ ಹೊರನಾಡುಗಳ ಕೀರ್ತಿಯೂ ಇದ್ದವು. ಮನಸ್ಸು ಮಾಡಿದ್ದರೆ ಇಬ್ಬರೂ ಎರಡು ಪಕ್ಷ ಕಟ್ಟಿಕೊಂಡು ಆಸ್ಥಾನವನ್ನು ಒಡೆಯಬಹುದಾಗಿತ್ತು. ಅವರು ಮಾಡಿದ್ದು ಬೇರೆ. ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಜೊತೆಯಾಗಿ ವೀಣೆ ನುಡಿಸಿದರು.

ಜೋಡಿಯಾಗಿ ನುಡಿಸುವುದು ಸುಲಭದ ಮಾತಲ್ಲ. ಒಬ್ಬನು ಒಂದು ಸಂಚಾರವನ್ನು ನುಡಿಸಿದರೆ ಇನ್ನೊಬ್ಬನು ಅದನ್ನು ಕೇಳಿ, ಅರಗಿಸಿಕೊಂಡು, ಅದಕ್ಕೆ ತಕ್ಕ ಮುಂದುವರಿಕೆಯನ್ನು ಕೊಡಬೇಕು. ತಾನು ಮಾತ್ರ ಮೆರೆಯಬೇಕೆಂದು ಹೊರಟವನು ಮೊದಲ ಹತ್ತು ನಿಮಿಷದಲ್ಲಿಯೇ ಸಿಕ್ಕಿಬೀಳುತ್ತಾನೆ. ಎದುರಾಳಿಯ ಕೈಚಳಕಕ್ಕೆ ಸಭೆ ತಲೆದೂಗುವಾಗ ತಾನೂ ತಲೆದೂಗಬೇಕು. ನಮ್ಮ ಕಡೆಯ ಉಳುಮೆಯಲ್ಲಿ ಜೋಡೆತ್ತುಗಳನ್ನು ನೋಡಿದವರಿಗೆ ಇದು ಗೊತ್ತು. ಎರಡೂ ಬಲವಾಗಿರಬೇಕು, ಆದರೆ ಒಂದು ಇನ್ನೊಂದನ್ನು ಎಳೆದಾಡಬಾರದು. ಶೇಷಣ್ಣ, ಸುಬ್ಬಣ್ಣನವರ ನಡುವೆ ಸ್ಪರ್ಧೆ ಇರಲಿಲ್ಲವೆಂದಲ್ಲ. ಆ ಸ್ಪರ್ಧೆ ವೀಣೆಯ ಮೇಲೆ ನಡೆಯಿತು, ವೀಣೆಯಲ್ಲಿಯೇ ಮುಗಿಯಿತು.

ಶೇಷಣ್ಣನವರು ವೈಣಿಕ ಶಿಖಾಮಣಿ ಎನಿಸಿದರೆ ಸುಬ್ಬಣ್ಣನವರು ವೈಣಿಕ ಪ್ರವೀಣ ಎನಿಸಿದರು. ಒಬ್ಬರಿಗೆ ಕೊಟ್ಟ ಬಿರುದು ಇನ್ನೊಬ್ಬರಿಂದ ಕಿತ್ತದ್ದಾಗಲಿಲ್ಲ. ಇಬ್ಬರನ್ನೂ ಹತ್ತಿರದಿಂದ ಬಲ್ಲ ಮೈಸೂರು ವಾಸುದೇವಾಚಾರ್ಯರು ತಾವು ಕಂಡ ಕಲಾವಿದರನ್ನು ಕುರಿತು ಬರೆದಾಗ ಇಬ್ಬರನ್ನೂ ಪ್ರೀತಿಯಿಂದಲೇ ನೆನೆದರು.

ಮೈಸೂರು ಬಾನಿ

ಇವರ ಕೈಯಲ್ಲಿ ಬೆಳೆದ ಶೈಲಿಗೆ ಮೈಸೂರು ಬಾನಿ ಎಂದು ಹೆಸರಾಯಿತು. ವೀಣೆಗೆ 24 ಮೆಟ್ಟಿಲುಗಳು, ನುಡಿಸಲು ನಾಲ್ಕು ತಂತಿಗಳು, ತಾಳಕ್ಕೆ ಮೂರು ತಂತಿಗಳು. ತಂಜಾವೂರಿನ ಕಡೆಯ ವೈಣಿಕರು ಬಹುಮಟ್ಟಿಗೆ ಹಾಡುಗಾರಿಕೆಯನ್ನು ಅನುಸರಿಸಿ, ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಹಲವು ಸ್ವರಗಳನ್ನು ಹೊರಡಿಸುತ್ತಾರೆ. ಮೈಸೂರಿನವರು ವೀಣೆಯ ಸ್ವಂತ ಗುಣಕ್ಕೆ ಹೆಚ್ಚು ಬೆಲೆ ಕೊಟ್ಟರು. ಎಡಗೈಯ ತೋರುಬೆರಳು, ನಡುಬೆರಳುಗಳನ್ನು ಬಿಡಿಸಿ ಮೆಟ್ಟಿಲುಗಳ ಮೇಲೆ ಓಡಿಸುವುದು, ಒಂದೊಂದು ಸ್ವರವೂ ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ ಕೇಳುವಂತೆ ಮೀಟುವುದು, ಅದರಿಂದ ಬರುವ ವೇಗ ಮತ್ತು ಸ್ಪಷ್ಟತೆ ಈ ಬಾನಿಯ ಲಕ್ಷಣ. ತಾನವನ್ನು ನುಡಿಸುವಾಗ ಇದರ ಸೊಗಸು ಎದ್ದು ಕಾಣುತ್ತದೆ. ತಾನವೆಂದರೆ ತಾಳದ ಕಟ್ಟಿಲ್ಲದೆಯೂ ಒಳಗೊಂದು ನಡೆಯನ್ನಿಟ್ಟುಕೊಂಡು ರಾಗವನ್ನು ಬೆಳೆಸುವ ರೀತಿ.

ಒಂದು ಬಾನಿ ಒಬ್ಬನಿಂದ ಆಗುವುದಿಲ್ಲ. ಒಬ್ಬನೇ ನುಡಿಸಿದರೆ ಅದು ಅವನ ಜಾಣ್ಮೆ ಎನಿಸಿಕೊಳ್ಳುತ್ತದೆ. ಸಮಾನರು ಕೇಳಿ, ಒಪ್ಪಿ, ತಿದ್ದಿ, ಮುಂದಿನವರಿಗೆ ಕಲಿಸಿದಾಗ ಅದು ಸಂಪ್ರದಾಯವಾಗುತ್ತದೆ. ಸುಬ್ಬಣ್ಣನವರಂಥ ಜೊತೆಗಾರರು ಇದ್ದದ್ದರಿಂದಲೇ ಶೇಷಣ್ಣನವರ ಜಾಣ್ಮೆ ಮೈಸೂರಿನ ಸಂಪ್ರದಾಯವಾಯಿತು.

ಶೇಷಣ್ಣನವರು ವಾಗ್ಗೇಯಕಾರರೂ ಹೌದು. ಸ್ವರಜತಿ, ವರ್ಣ, ಕೃತಿ, ತಿಲ್ಲಾನಗಳನ್ನು ರಚಿಸಿದರು. ಅವರ ಜಂಝೂಟಿ ರಾಗದ ತಿಲ್ಲಾನ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. ಮೈಸೂರಿಗೆ ಬಂದ ಉತ್ತರಾದಿ ಉಸ್ತಾದರ ಸಂಗೀತವನ್ನು ಅವರು ಕಿವಿಗೊಟ್ಟು ಕೇಳಿದ್ದರೆಂಬುದಕ್ಕೆ ಅಂಥ ರಾಗಗಳ ಆಯ್ಕೆಯೇ ಸಾಕ್ಷಿ.

ಪಲ್ಲಕ್ಕಿಯ ಪ್ರಸಂಗ

ಶೇಷಣ್ಣನವರ ಕೀರ್ತಿ ಮೈಸೂರಿನ ಗಡಿ ದಾಟಿತು. ತಿರುವಾಂಕೂರು, ರಾಮನಾಥಪುರ, ಗದ್ವಾಲ ಮುಂತಾದ ಸಂಸ್ಥಾನಗಳಲ್ಲಿ ಅವರಿಗೆ ಮನ್ನಣೆ ದೊರೆಯಿತು. 1911ರ ದೆಹಲಿ ದರ್ಬಾರಿನ ಸಂದರ್ಭದಲ್ಲಿ ಅವರ ವೀಣೆಯನ್ನು ಕೇಳಿದ ಚಕ್ರವರ್ತಿ ಐದನೆಯ ಜಾರ್ಜ್ ಮೆಚ್ಚಿ ಅವರ ಭಾವಚಿತ್ರವನ್ನು ಲಂಡನ್ನಿಗೆ ಕೊಂಡೊಯ್ದರೆಂಬ ಮಾತು ಮೈಸೂರಿನಲ್ಲಿ ಪ್ರಚಲಿತವಾಗಿದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಜನರ ನೆನಪಿನಲ್ಲಿ ಉಳಿದಿರುವುದು ಬರೋಡೆಯ ಪ್ರಸಂಗ. ಬರೋಡೆಯ ಗಾಯಕವಾಡ ಮಹಾರಾಜರು ಅವರ ವಾದನಕ್ಕೆ ಮಾರುಹೋಗಿ ಪಲ್ಲಕ್ಕಿಯ ಮರ್ಯಾದೆಯನ್ನಿತ್ತರು. ಮೈಸೂರಿಗೆ ಹಿಂದಿರುಗಿದ ಮೇಲೆ ಆ ಪಲ್ಲಕ್ಕಿಯಲ್ಲಿ ಕುಳಿತು ಅರಮನೆಗೆ ಬರಬೇಕೆಂದು ಇಲ್ಲಿಯ ಮಹಾರಾಜರ ಅಪೇಕ್ಷೆಯಾಯಿತು. ಊರಿನವರು ನೋಡಲು ಸೇರಿದರು. ಪಲ್ಲಕ್ಕಿ ಬಂತು. ಒಳಗೆ ಇದ್ದದ್ದು ವೀಣೆ. ಶೇಷಣ್ಣನವರು ಪಕ್ಕದಲ್ಲಿ ನಡೆದು ಬರುತ್ತಿದ್ದರು. ಮರ್ಯಾದೆ ಸಲ್ಲಬೇಕಾದದ್ದು ವೀಣೆಗೆ, ಅದನ್ನು ನುಡಿಸುವ ತನಗಲ್ಲ ಎಂಬುದು ಅವರ ಭಾವನೆ.

ಇದನ್ನು ಕೇವಲ ವಿನಯವೆಂದು ಹೊಗಳಿ ಬಿಡಬಾರದು. ಆ ಪಲ್ಲಕ್ಕಿಯಲ್ಲಿ ಶೇಷಣ್ಣನವರೇ ಕುಳಿತಿದ್ದರೆ ಆ ದಿನ ಗೌರವ ಸಲ್ಲುತ್ತಿದ್ದುದು ಒಬ್ಬರಿಗೆ. ಬೀದಿಯಲ್ಲಿ ನಿಂತು ನೋಡಿದ ಉಳಿದ ವೈಣಿಕರೆಲ್ಲ ಕಿರಿಯರಾಗುತ್ತಿದ್ದರು. ವೀಣೆ ಕುಳಿತದ್ದರಿಂದ ಸುಬ್ಬಣ್ಣನವರಿಗೂ, ವೀಣೆ ಹಿಡಿದ ಪ್ರತಿಯೊಬ್ಬ ಶಿಷ್ಯನಿಗೂ ಆ ಮರ್ಯಾದೆಯಲ್ಲಿ ಪಾಲು ಸಿಕ್ಕಿತು. ಆಸ್ಥಾನದ ಅಸೂಯೆಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ಯಾರೂ ಕಂಡುಹಿಡಿದಿಲ್ಲ.

ಕೊನೆಯ ದಿನಗಳು

ದೇಶದಲ್ಲಿ ಸ್ವಾತಂತ್ರ್ಯದ ಗಾಳಿ ಬೀಸುತ್ತಿದ್ದ ಕಾಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮ ಗಾಂಧಿಯವರು ಅಧ್ಯಕ್ಷರು. ಬಾಲಕಿ ಗಂಗೂಬಾಯಿ ಹಾನಗಲ್ ಸ್ವಾಗತಗೀತೆಗೆ ದನಿಗೂಡಿಸಿದ್ದು ಆ ಅಧಿವೇಶನದಲ್ಲಿಯೇ. 72 ವರ್ಷದ ಶೇಷಣ್ಣನವರು ಅಲ್ಲಿ ಗಾಂಧೀಜಿ ಮತ್ತು ಇತರ ನಾಯಕರ ಮುಂದೆ ವೀಣೆ ನುಡಿಸಿದರು. ಬಾಲ್ಯದಲ್ಲಿ ಮುಮ್ಮಡಿಯವರ ಮುಂದೆ ಹಾಡಿದವರು, ಮುಪ್ಪಿನಲ್ಲಿ ಸಿಂಹಾಸನವಿಲ್ಲದ ನಾಯಕನ ಮುಂದೆ, ನೆಲದ ಮೇಲೆ ಕುಳಿತ ಜನಸಮೂಹದ ಮುಂದೆ ನುಡಿಸಿದರು. ಅರಮನೆಯ ವೀಣೆ ಜನರ ವೀಣೆಯಾಗುವ ಕಾಲ ಬಂದಿತ್ತು.

1926ರಲ್ಲಿ ಶೇಷಣ್ಣನವರು ತೀರಿಕೊಂಡರು. ಸುಬ್ಬಣ್ಣನವರು 1939ರವರೆಗೆ ಬಾಳಿದರು. ಡಿ.ವಿ. ಗುಂಡಪ್ಪನವರು ತಮ್ಮ ನೆನಪಿನ ಚಿತ್ರಗಳಲ್ಲಿ ಶೇಷಣ್ಣನವರಿಗೆ ಸ್ಥಾನ ಕೊಟ್ಟರು. ಮೊಮ್ಮಗ ಸ್ವರಮೂರ್ತಿ ವಿ.ಎನ್. ರಾವ್ ಅವರ ವಿದ್ಯೆಯನ್ನು ಉಳಿಸಿಕೊಂಡು ಬಂದರು. ಶಿಷ್ಯರಲ್ಲಿ ಮುಖ್ಯರಾದ ವೀಣೆ ವೆಂಕಟಗಿರಿಯಪ್ಪನವರು ಆಸ್ಥಾನದಲ್ಲಿ ಬಾನಿಯನ್ನು ಮುಂದುವರಿಸಿದರು.

ಇಲ್ಲಿ ನಮ್ಮ ಜಿಲ್ಲೆಯ ಹೆಸರು ಬರುತ್ತದೆ. ವೆಂಕಟಗಿರಿಯಪ್ಪನವರ ಶಿಷ್ಯರಲ್ಲಿ ಅಗ್ರಗಣ್ಯರಾದವರು ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು. ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ. ತಂದೆ ವೆಂಕಟೇಶ ಅಯ್ಯಂಗಾರ್ಯರೂ ಅರಮನೆಯ ವೈಣಿಕರು. ದೊರೆಸ್ವಾಮಿ ಅಯ್ಯಂಗಾರ್ಯರು ಬೆಂಗಳೂರು ಆಕಾಶವಾಣಿಯಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. 1983ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. 1997ರಲ್ಲಿ ತೀರಿಕೊಂಡರು. ಶೇಷಣ್ಣನವರನ್ನು ಕಣ್ಣಾರೆ ಕಾಣದ ನಮ್ಮ ಹಳ್ಳಿಗಳ ಜನ ರೇಡಿಯೋದಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಕೇಳಿದ್ದಾರೆ. ಕೇಳಿದ್ದು ಶೇಷಣ್ಣನವರ ವಿದ್ಯೆಯನ್ನೇ. ಅರಮನೆಯಲ್ಲಿ ದೊರೆಗಾಗಿ ನುಡಿದ ನಾದ ಹೀಗೆ ಜಗಲಿಯ ಮೇಲಿನ ರೇಡಿಯೋವರೆಗೆ ಬಂತು.

ನಮ್ಮ ಮಕ್ಕಳಿಗೆ

ಶಾಲೆ ಎಂದರೆ ಅದೂ ಒಂದು ಸಣ್ಣ ಆಸ್ಥಾನವೇ. ಇಲ್ಲಿಯೂ ಮೊದಲನೆಯ ಸ್ಥಾನ ಒಂದೇ ಇರುತ್ತದೆ. ಇಬ್ಬರು ಜಾಣರು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಒಬ್ಬನ ಮನೆಯಲ್ಲಿ ಅನುಕೂಲವಿರುತ್ತದೆ, ಇನ್ನೊಬ್ಬನಿಗೆ ತಂದೆ ಇರುವುದಿಲ್ಲ. ಹತ್ತನೆಯ ತರಗತಿಯ ಅಂಕಗಳು ಬಂದ ದಿನ ಒಂದೆರಡು ಅಂಕಗಳ ಅಂತರಕ್ಕೆ ಮಾತು ಬಿಟ್ಟ ಗೆಳೆಯರನ್ನು ಪ್ರತಿ ಊರಿನಲ್ಲಿಯೂ ಕಾಣಬಹುದು. ಇದು ಮಕ್ಕಳಿಗೆ ಮಾತ್ರ ಸೇರಿದ ವಿಷಯವಲ್ಲ. ದೊಡ್ಡವರಾದ ಮೇಲೂ, ಉದ್ಯೋಗದಲ್ಲೂ, ಊರಿನ ಕೆಲಸದಲ್ಲೂ ಇದೇ ನಡೆಯುತ್ತದೆ.

ಸ್ಪರ್ಧೆ ಬೇಡವೆಂದು ಶೇಷಣ್ಣನವರ ಬಾಳು ಹೇಳುವುದಿಲ್ಲ. ಸ್ಪರ್ಧೆ ಇಲ್ಲದಿದ್ದರೆ ಶಿವರಾತ್ರಿಯ ಆ ರಾತ್ರಿ ಹುಡುಗನ ಪ್ರತಿಭೆ ಹೊರಗೆ ಬರುತ್ತಲೇ ಇರಲಿಲ್ಲ. ಸ್ಪರ್ಧಿಯ ಪಕ್ಕದಲ್ಲಿ ಕುಳಿತು ನುಡಿಸುವ ಧೈರ್ಯ ಬೇಕು, ಮರ್ಯಾದೆ ಬಂದಾಗ ಅದನ್ನು ವಿದ್ಯೆಗೆ ಒಪ್ಪಿಸುವ ಮನಸ್ಸು ಬೇಕು ಎಂಬುದನ್ನು ಅವರು ನಡೆದು ತೋರಿಸಿದರು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಹೊರಟ ಮಕ್ಕಳು ಎಲ್ಲೆಲ್ಲಿಯೋ ಇದ್ದಾರೆ. ಕೆಲವರಿಗೆ ಪಲ್ಲಕ್ಕಿಯಂಥ ಗೌರವಗಳೂ ದೊರೆತಿರಬಹುದು. ಅಂಥ ಗೌರವ ಬಂದಾಗ ತಮಗೆ ಅಕ್ಷರ ಕಲಿಸಿದ ಈ ಸರ್ಕಾರಿ ಶಾಲೆಯನ್ನು, ಕಲಿಸಿದ ಗುರುಗಳನ್ನು ಒಳಗೆ ಕೂರಿಸಿ, ತಾವು ಪಕ್ಕದಲ್ಲಿ ನಡೆದು ಬರಲಿ ಎಂದು ಹಾರೈಸುತ್ತೇನೆ.